ಡಿಎಸ್3231 ಆರ್‌ಟಿಸಿ ಚಿಪ್: ರಿಜಿಸ್ಟರ್‌ಗಳಲ್ಲೇ ಟೈಮ್ ಸೆಟ್ ಮಾಡುವುದು, ಓದುವುದು

ಕರೆಂಟ್ ಹೋಗಿ ಬಂದರೆ ಆರ್ಡುವಿನೊಗೆ (ನಾವೇ ಪ್ರೋಗ್ರಾಂ ಬರೆದು ಹಾಕುವ ಪುಟ್ಟ ಕಂಟ್ರೋಲರ್ ಬೋರ್ಡ್) ಗಂಟೆ ಎಷ್ಟು ಅಂತ ಗೊತ್ತಿರುವುದಿಲ್ಲ. ಅದರ ಒಳಗಿನ ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಹಾಗಾಗಿ ಶಾಲೆ ಗಂಟೆ ಬಾರಿಸುವ ಸರ್ಕ್ಯೂಟ್ ಇರಲಿ, ತೋಟದ ಪಂಪ್ ಟೈಮರ್ ಇರಲಿ, ಪಕ್ಕದಲ್ಲೊಂದು ಆರ್‌ಟಿಸಿ (ರಿಯಲ್ ಟೈಮ್ ಕ್ಲಾಕ್) ಚಿಪ್ ಇರಲೇಬೇಕು. ಒಂದು ನಾಣ್ಯದಷ್ಟು ಬ್ಯಾಟರಿಯ ಬಲದಲ್ಲಿ ಅದು ವರ್ಷಗಟ್ಟಲೆ ಟೈಮ್ ಎಣಿಸುತ್ತಿರುತ್ತದೆ.

ರೆಡಿಮೇಡ್ ಲೈಬ್ರರಿ (ಬೇರೆಯವರು ಬರೆದಿಟ್ಟ ಕೋಡ್) ಹಾಕಿಕೊಂಡರೆ ಎರಡು ಸಾಲಿನಲ್ಲಿ ಟೈಮ್ ಸಿಗುತ್ತದೆ, ನಿಜ. ಆದರೆ ಡಿಸ್‌ಪ್ಲೇ ಮೇಲೆ 45:85:85 ಅಂತ ಬಂದಾಗ, ಅಥವಾ ಪ್ರತಿ ಸಲ ಕರೆಂಟ್ ಬಂದಾಗಲೂ ಗಡಿಯಾರ ಹಳೇ ಟೈಮ್‌ಗೇ ಹಿಂದಿರುಗಿದಾಗ, ಲೈಬ್ರರಿ ಏನೂ ಹೇಳುವುದಿಲ್ಲ. ರಿಜಿಸ್ಟರ್‌ಗಳು, ಅಂದರೆ ಚಿಪ್ ಒಳಗೆ ಮಾಹಿತಿ ಇಡುವ ಪುಟ್ಟ ಖಾನೆಗಳು, ಹೇಳುತ್ತವೆ. ಈ ಚಿಪ್‌ಗೆ ಕೇಳಬೇಕಾದ ಪ್ರಶ್ನೆ ಎರಡು. ಈಗ ಟೈಮ್ ಎಷ್ಟು? ಆ ಟೈಮನ್ನು ನಂಬಬಹುದಾ? ಜಾಸ್ತಿ ಜನ ಮೊದಲನೆಯದನ್ನು ಮಾತ್ರ ಕೇಳಿ ಮುಂದೆ ಹೋಗುತ್ತಾರೆ. ಎರಡನೆಯದಕ್ಕೂ ಚಿಪ್ ಒಳಗೆ ಉತ್ತರ ಇದೆ. ಅದನ್ನು ಕೇಳದ ಪ್ರೋಗ್ರಾಂ ಪೂರ್ತಿ ಆಗಿಲ್ಲ ಅಂತಲೇ ನನ್ನ ಅಭಿಪ್ರಾಯ.

ಬರೆಯುವ ರೀತಿ ಬಗ್ಗೆ ಒಂದು ಮಾತು. ಹೆಕ್ಸ್ (16ರ ಆಧಾರದ) ಸಂಖ್ಯೆಗಳನ್ನು ಹೆಕ್ಸ್ 68, ಹೆಕ್ಸ್ 0ಇ ಅಂತ ಬರೆಯುತ್ತೇನೆ. 10ರಿಂದ 15ರವರೆಗಿನ ಅಂಕಿಗಳಿಗೆ ಎ, ಬಿ, ಸಿ, ಡಿ, ಇ, ಎಫ್. ಒಂದು ಬೈಟ್‌ನ ಎಂಟು ಬಿಟ್‌ಗಳ ಎಣಿಕೆ ಬಲದಿಂದ ಎಡಕ್ಕೆ, 0ಯಿಂದ 7ರವರೆಗೆ.

ಯಾವ ಚಿಪ್ ಕೊಳ್ಳಬೇಕು

ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಆರ್‌ಟಿಸಿ ಮಾಡ್ಯೂಲ್ ಕೇಳಿದರೆ ಸಾಮಾನ್ಯವಾಗಿ ಸಿಗುವುದು ಎರಡು: ಡಿಎಸ್1307 ಮತ್ತು ಡಿಎಸ್3231. ಹೆಸರಿನ ಡಿಎಸ್ ಅಂದರೆ ಡಲ್ಲಾಸ್ ಸೆಮಿಕಂಡಕ್ಟರ್. ಆ ಕಂಪನಿಯನ್ನು 2001ರಲ್ಲಿ ಮ್ಯಾಕ್ಸಿಮ್ ಕೊಂಡಿತು, ಮ್ಯಾಕ್ಸಿಮ್ ಅನ್ನು 2021ರಲ್ಲಿ ಅನಲಾಗ್ ಡಿವೈಸಸ್ ಕೊಂಡಿತು. ಹಾಗಾಗಿ ಡೇಟಾಶೀಟ್ (ಕಂಪನಿ ಕೊಡುವ ಚಿಪ್ ವಿವರ) ಹುಡುಕುವಾಗ ಮೂರೂ ಹೆಸರು ಕಣ್ಣಿಗೆ ಬೀಳುತ್ತವೆ.

ಎರಡರ ವ್ಯತ್ಯಾಸ ಇರುವುದು ಕ್ರಿಸ್ಟಲ್‌ನಲ್ಲಿ. ಇಂಥ ಗಡಿಯಾರಗಳ ಕ್ರಿಸ್ಟಲ್ ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಅದು 2ರ 15ನೇ ಘಾತ, ಹದಿನೈದು ಸಲ ಅರ್ಧ ಮಾಡಿದರೆ ಸರಿಯಾಗಿ ಸೆಕೆಂಡಿಗೆ ಒಂದು. ಆದರೆ ಈ ಕ್ರಿಸ್ಟಲ್ ಸುಮಾರು 25 ಡಿಗ್ರಿಯಲ್ಲಿ ಮಾತ್ರ ತನ್ನ ಸರಿಯಾದ ವೇಗದಲ್ಲಿರುತ್ತದೆ. ಬಿಸಿ ಆದರೂ ನಿಧಾನ, ತಣ್ಣಗಾದರೂ ನಿಧಾನ. ಕಲಬುರಗಿಯ ಏಪ್ರಿಲ್ ಬಿಸಿಲಿಗೆ ತಗಡಿನ ಪೆಟ್ಟಿಗೆಯೊಳಗೆ 45 ಡಿಗ್ರಿ ಆಯಿತು ಅಂದುಕೊಳ್ಳಿ. ಸಾಮಾನ್ಯ ಕ್ರಿಸ್ಟಲ್ ಹತ್ತು ಲಕ್ಷಕ್ಕೆ ಸುಮಾರು 14ರಷ್ಟು ಹಿಂದೆ ಬೀಳುತ್ತದೆ. ದಿನಕ್ಕೆ ಒಂದು ಸೆಕೆಂಡಿಗಿಂತ ಜಾಸ್ತಿ. ಡಿಎಸ್1307 ಇದನ್ನು ಸರಿಪಡಿಸಿಕೊಳ್ಳುವುದಿಲ್ಲ. ಡಿಎಸ್3231 ಒಳಗೇ ಕ್ರಿಸ್ಟಲ್ ಇದೆ, ತಾಪಮಾನ ಅಳೆಯುವ ಸೆನ್ಸರ್ ಇದೆ. 64 ಸೆಕೆಂಡಿಗೊಮ್ಮೆ ತಾಪಮಾನ ನೋಡಿ ವೇಗ ತಿದ್ದಿಕೊಳ್ಳುತ್ತದೆ. 0ಯಿಂದ 40 ಡಿಗ್ರಿಯೊಳಗೆ ತಪ್ಪು ಹತ್ತು ಲಕ್ಷಕ್ಕೆ 2 ಮೀರುವುದಿಲ್ಲ ಅಂತ ಡೇಟಾಶೀಟ್ ಹೇಳುತ್ತದೆ. ವರ್ಷಕ್ಕೆ ಸುಮಾರು ಒಂದು ನಿಮಿಷ.

ಹೊಸದಾಗಿ ಕೊಳ್ಳುವವರು ಡಿಎಸ್3231 ಕೊಳ್ಳಿ. ಚಿಪ್ ಮೈ ಮೇಲೆ ಡಿಎಸ್3231ಎಸ್‌ಎನ್ ಅಂತ ಇದ್ದರೆ ಒಳಗೆ ಕ್ರಿಸ್ಟಲ್. ಡಿಎಸ್3231ಎಂ ಅಂತಿದ್ದರೆ ಕ್ರಿಸ್ಟಲ್ ಬದಲು ಸಿಲಿಕಾನ್‌ನಲ್ಲೇ ಮಾಡಿದ ಪುಟ್ಟ ಕಂಪಕ, ಅದರ ತಪ್ಪು ಹತ್ತು ಲಕ್ಷಕ್ಕೆ 5ರವರೆಗೆ. ಟೈಮ್ ರಿಜಿಸ್ಟರ್‌ಗಳು ಎರಡರಲ್ಲೂ ಒಂದೇ.

ಮೊದಲು ಬ್ಯಾಟರಿ ಕಡೆ ನೋಡಿ

ಪ್ರೋಗ್ರಾಂ ಬರೆಯುವ ಮೊದಲೇ ಇದನ್ನು ಮಾಡಬೇಕು. ಅಗ್ಗದ ನೀಲಿ ಮಾಡ್ಯೂಲ್ (ಬೋರ್ಡ್ ಮೇಲೆ ಝಡ್‌ಎಸ್-042 ಅಂತ ಇರುತ್ತದೆ) ಬ್ಯಾಟರಿ ಚಾರ್ಜ್ ಮಾಡುವ ಸರ್ಕ್ಯೂಟ್ ಹೊತ್ತು ಬರುತ್ತದೆ. ಸರ್ಕ್ಯೂಟ್ ಅಂದರೆ ಒಂದು ಡಯೋಡ್, ಒಂದು 200 ಓಮ್ ರೆಸಿಸ್ಟರ್, ಅಷ್ಟೇ. ಅದು ರೀಚಾರ್ಜ್ ಆಗುವ ಎಲ್‌ಐಆರ್2032 ಸೆಲ್‌ಗೆ ಅಂತ ಇಟ್ಟಿದ್ದು. ನಾವು ಅಂಗಡಿಯಲ್ಲಿ ಕೊಳ್ಳುವುದು ಸಾಮಾನ್ಯವಾಗಿ ಸಿಆರ್2032. ಅದು 3 ವೋಲ್ಟ್‌ನದು, ಚಾರ್ಜ್ ಮಾಡಲೇಬಾರದು. ಮಾಡ್ಯೂಲ್‌ಗೆ 5 ವೋಲ್ಟ್ ಕೊಟ್ಟರೆ ಸೆಲ್ ಕಡೆಗೆ ಸುಮಾರು 4.4 ವೋಲ್ಟ್ ನುಗ್ಗುತ್ತದೆ. ಸೆಲ್ ಉಬ್ಬಬಹುದು, ಸೋರಬಹುದು.

ಪರಿಹಾರ ಸುಲಭ. ಡಯೋಡ್ ಪಕ್ಕದಲ್ಲಿ ಮೈ ಮೇಲೆ 201 ಅಂತ ಬರೆದಿರುವ ಪುಟ್ಟ ರೆಸಿಸ್ಟರ್ ಹುಡುಕಿ. ಸೋಲ್ಡರಿಂಗ್ ಐರನ್‌ನಿಂದ ಅದನ್ನು ಎತ್ತಿಬಿಡಿ. ಗಡಿಯಾರಕ್ಕೆ ಏನೂ ಆಗುವುದಿಲ್ಲ. ಸೋಲ್ಡರಿಂಗ್ ಬೇಡ ಅನ್ನುವವರು ಮಾಡ್ಯೂಲನ್ನು 3.3 ವೋಲ್ಟ್‌ನಲ್ಲೇ ಓಡಿಸಿ. ಚಿಪ್ 2.3ರಿಂದ 5.5 ವೋಲ್ಟ್‌ವರೆಗೆ ಕೆಲಸ ಮಾಡುತ್ತದೆ. 3.3ರಲ್ಲಿ ಡಯೋಡ್ ದಾಟಿ ಬರುವ ವೋಲ್ಟೇಜ್ ಸೆಲ್‌ಗಿಂತ ಕಡಿಮೆ ಇರುವುದರಿಂದ ಹೊಸ ಸೆಲ್ ಚಾರ್ಜ್ ಆಗುವುದಿಲ್ಲ.

ವೈರ್ ಹಾಕುವುದು, ವಿಳಾಸ ಹುಡುಕುವುದು

ನಾಲ್ಕು ವೈರ್ ಸಾಕು: ವಿಸಿಸಿ (ಪವರ್), ಗ್ರೌಂಡ್, ಎಸ್‌ಡಿಎ (ಡೇಟಾ), ಎಸ್‌ಸಿಎಲ್ (ಕ್ಲಾಕ್). ಆರ್ಡುವಿನೊ ಉನೊದಲ್ಲಿ ಎಸ್‌ಡಿಎ ಅಂದರೆ ಎ4, ಎಸ್‌ಸಿಎಲ್ ಅಂದರೆ ಎ5. ವೈಫೈ ಇರುವ ಇಎಸ್‌ಪಿ32 ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ 21 ಮತ್ತು 22. ಎಸ್‌ಡಿಎ, ಎಸ್‌ಸಿಎಲ್ ಸಾಲುಗಳನ್ನು ಹೈನಲ್ಲಿ ಹಿಡಿದಿಡುವ ಪುಲ್-ಅಪ್ ರೆಸಿಸ್ಟರ್‌ಗಳು ಮಾಡ್ಯೂಲ್ ಮೇಲೇ ಇವೆ, ಅವು ವಿಸಿಸಿಗೆ ಸೇರಿವೆ. ಹಾಗಾಗಿ ಇಎಸ್‌ಪಿ32 ಅಥವಾ ರಾಸ್ಪ್‌ಬೆರಿ ಪೈ ಜೊತೆ ಬಳಸುವಾಗ ವಿಸಿಸಿಗೆ 3.3 ವೋಲ್ಟನ್ನೇ ಕೊಡಿ. 5 ಕೊಟ್ಟರೆ ಆ ಬೋರ್ಡಿನ ಪಿನ್‌ಗಳಿಗೂ 5 ವೋಲ್ಟ್ ಹೋಗುತ್ತದೆ.

ಎಸ್‌ಡಿಎ, ಎಸ್‌ಸಿಎಲ್ ಎಂಬ ಎರಡು ಸಾಲಿನಲ್ಲಿ ಚಿಪ್‌ಗಳು ಮಾತಾಡುವ ಪದ್ಧತಿಗೆ ಐ2ಸಿ ಅನ್ನುತ್ತಾರೆ, ಪ್ರತಿ ಚಿಪ್‌ಗೂ ಒಂದು ವಿಳಾಸ ಇರುತ್ತದೆ. ಈಗ ಆ ವಿಳಾಸ ಹುಡುಕುವ ಐ2ಸಿ ಸ್ಕ್ಯಾನರ್ ಪ್ರೋಗ್ರಾಂ ಓಡಿಸಿ. ಹೆಕ್ಸ್ 68ರಲ್ಲಿ ಒಂದು ಉತ್ತರ ಬರಬೇಕು, ಅದೇ ಗಡಿಯಾರ. ಹೆಕ್ಸ್ 57ರಲ್ಲೂ ಒಂದು ಬಂದರೆ ಗಾಬರಿ ಬೇಡ, ಅದು ಅದೇ ಬೋರ್ಡ್ ಮೇಲಿರುವ ಮೆಮೊರಿ ಚಿಪ್. ಅದೇ ಸಾಲಿನಲ್ಲಿ ಎಂಪಿಯು6050 ಸೆನ್ಸರ್ ಇದ್ದರೆ ಮಾತ್ರ ತೊಂದರೆ. ಅದರ ವಿಳಾಸವೂ 68. ಆ ಸೆನ್ಸರ್‌ನ ಎಡಿ0 ಪಿನ್‌ಗೆ ಹೈ ಕೊಟ್ಟು ಅದನ್ನು 69ಕ್ಕೆ ಕಳಿಸಿ. ಗಡಿಯಾರದ ವಿಳಾಸ ಬದಲಾಯಿಸಲು ಆಗುವುದಿಲ್ಲ.

ಒಳಗೆ ಏನೇನಿದೆ

ಡಿಎಸ್3231ರಲ್ಲಿ 19 ರಿಜಿಸ್ಟರ್ ಇವೆ, ಹೆಕ್ಸ್ 00ಯಿಂದ 12ರವರೆಗೆ. ಒಂದೊಂದೂ ಒಂದು ಬೈಟ್.

00: ಸೆಕೆಂಡ್
01: ನಿಮಿಷ
02: ಗಂಟೆ (ಬಿಟ್ 6 ಸೊನ್ನೆ ಇದ್ದರೆ 24 ಗಂಟೆ ಪದ್ಧತಿ, ಒಂದಿದ್ದರೆ 12 ಗಂಟೆ ಪದ್ಧತಿ)
03: ವಾರ, 1ರಿಂದ 7
04: ತಾರೀಖು
05: ತಿಂಗಳು (ಬಿಟ್ 7 ಶತಮಾನದ ಗುರುತು)
06: ವರ್ಷದ ಕೊನೆಯ ಎರಡು ಅಂಕಿ
07ರಿಂದ 0ಎ: ಮೊದಲ ಅಲಾರಂ
0ಬಿ, 0ಸಿ, 0ಡಿ: ಎರಡನೇ ಅಲಾರಂ
0ಇ: ಕಂಟ್ರೋಲ್
0ಎಫ್: ಸ್ಟೇಟಸ್
10: ಏಜಿಂಗ್, ಅಂದರೆ ವೇಗ ತಿದ್ದುವ ಸಂಖ್ಯೆ
11, 12: ತಾಪಮಾನ

ವಾರದ ರಿಜಿಸ್ಟರ್ ಬಗ್ಗೆ ಒಂದು ವಿಷಯ. 1 ಅಂದರೆ ಭಾನುವಾರವೋ ಸೋಮವಾರವೋ ಅಂತ ಚಿಪ್ ತೀರ್ಮಾನಿಸುವುದಿಲ್ಲ. ಮಧ್ಯರಾತ್ರಿ ಆದಾಗ ಸುಮ್ನೆ ಒಂದು ಕೂಡಿಸುತ್ತದೆ, 7 ಆದ ಮೇಲೆ 1. ತಾರೀಖಿಗೂ ಅದಕ್ಕೂ ಸಂಬಂಧವೇ ಇಲ್ಲ. ತಾರೀಖು ಸರಿ, ವಾರ ತಪ್ಪು ಅಂತ ಬಂದರೆ ಸೆಟ್ ಮಾಡುವಾಗ ನಾವೇ ತಪ್ಪು ವಾರ ಕೊಟ್ಟಿದ್ದೇವೆ ಅಂತ ಅರ್ಥ. ನಾನು ಭಾನುವಾರ 1 ಅಂತ ಇಟ್ಟುಕೊಳ್ಳುತ್ತೇನೆ.

ಬಿಸಿಡಿ: ಇಲ್ಲೇ ಎಲ್ಲರೂ ಎಡವುವುದು

ರಿಜಿಸ್ಟರ್‌ನಲ್ಲಿ ಸಂಖ್ಯೆ ಸೀದಾ ಬೈನರಿಯಾಗಿ ಇರುವುದಿಲ್ಲ. ಎಡಗಡೆಯ ನಾಲ್ಕು ಬಿಟ್‌ನಲ್ಲಿ ಹತ್ತರ ಸ್ಥಾನ, ಬಲಗಡೆಯ ನಾಲ್ಕು ಬಿಟ್‌ನಲ್ಲಿ ಬಿಡಿ ಸ್ಥಾನ. ಇದಕ್ಕೆ ಬಿಸಿಡಿ ಅನ್ನುತ್ತಾರೆ. 45 ನಿಮಿಷ ಅಂದರೆ 0100 0101. ಇದನ್ನು ಹೆಕ್ಸ್‌ನಲ್ಲಿ ಓದಿದರೆ 45 ಅಂತಲೇ ಕಾಣುತ್ತದೆ. ನೋಡುವವರಿಗೆ ಇದು ತುಂಬಾ ಅನುಕೂಲ. ರಿಜಿಸ್ಟರ್‌ಗಳನ್ನು ಹೆಕ್ಸ್‌ನಲ್ಲಿ ಪ್ರಿಂಟ್ ಮಾಡಿದರೆ ಲೆಕ್ಕ ಮಾಡದೆಯೇ ಟೈಮ್ ಓದಬಹುದು.

ಬರೆಯುವಾಗ: ಸಂಖ್ಯೆಯನ್ನು 10ರಿಂದ ಭಾಗಿಸಿ, ಭಾಗಲಬ್ಧವನ್ನು 16ರಿಂದ ಗುಣಿಸಿ, ಶೇಷ ಕೂಡಿಸಿ. 45ಕ್ಕೆ 4 ಗುಣಿಸು 16, ಕೂಡಿಸು 5, ಒಟ್ಟು 69. 69 ಅಂದರೆ ಹೆಕ್ಸ್ 45.

ಓದುವಾಗ ಇದರ ಉಲ್ಟಾ: 16ರಿಂದ ಭಾಗಿಸಿ, ಭಾಗಲಬ್ಧವನ್ನು 10ರಿಂದ ಗುಣಿಸಿ, ಶೇಷ ಕೂಡಿಸಿ.

ಈ ಪರಿವರ್ತನೆ ಬಿಟ್ಟುಹೋದರೆ ಹೇಗೆ ಗೊತ್ತಾಗುತ್ತದೆ? ಸೆಕೆಂಡ್ ಎಣಿಕೆ ನೋಡುತ್ತಾ ಕೂರಿ. 7, 8, 9 ಆದ ಮೇಲೆ 10 ಬರುವ ಬದಲು 16ಕ್ಕೆ ಹಾರಿದರೆ, 25 ಆದ ಮೇಲೆ 32ಕ್ಕೆ ಹಾರಿದರೆ, ಓದುವ ಕಡೆ ಪರಿವರ್ತನೆ ಮಾಡಿಲ್ಲ ಅಂತ ಖಾತ್ರಿ. ಹೆಕ್ಸ್ 09 ಆದ ಮೇಲೆ ಬರುವುದು ಹೆಕ್ಸ್ 10, ಅಂದರೆ 16, ಅಲ್ವಾ? ಬರೆಯುವ ಕಡೆ ಬಿಟ್ಟುಹೋದರೆ 30 ಸೆಕೆಂಡ್ ಅಂತ ಸೆಟ್ ಮಾಡಿದ್ದು ಹೆಕ್ಸ್ 1ಇ ಆಗಿ ಕೂರುತ್ತದೆ. ಅದು ಬಿಸಿಡಿಯೇ ಅಲ್ಲ. ಅಲ್ಲಿಂದ ಮುಂದೆ ಚಿಪ್ ಹೇಗೆ ಎಣಿಸುತ್ತದೆ ಅನ್ನುವುದಕ್ಕೆ ಯಾವ ಗ್ಯಾರಂಟಿಯೂ ಇಲ್ಲ.

ಓದುವುದು, ಹೆಜ್ಜೆ ಹೆಜ್ಜೆಯಾಗಿ

ಸೆಟ್ ಮಾಡುವ ಮೊದಲು ಓದಿ ನೋಡಿ. ಚಿಪ್ ಈಗ ಯಾವ ಸ್ಥಿತಿಯಲ್ಲಿದೆ ಅಂತ ತಿಳಿದ ಮೇಲೆ ಬರೆಯುವುದು ಒಳ್ಳೆಯ ಅಭ್ಯಾಸ.

ಹೆಜ್ಜೆ 1. ಆರ್ಡುವಿನೊದಲ್ಲಿ ಐ2ಸಿಗಾಗಿ ಇರುವ ವೈರ್ ಲೈಬ್ರರಿಯಲ್ಲಿ ಹೆಕ್ಸ್ 68ಕ್ಕೆ ಬಿಗಿನ್‌ಟ್ರಾನ್ಸ್‌ಮಿಷನ್ ಕೊಡಿ.

ಹೆಜ್ಜೆ 2. ಒಂದೇ ಒಂದು ಬೈಟ್ ರೈಟ್ ಮಾಡಿ: 00. ಇದು ಡೇಟಾ ಅಲ್ಲ. ಯಾವ ರಿಜಿಸ್ಟರ್‌ನಿಂದ ಓದಬೇಕು ಅಂತ ಹೇಳುವ ಪಾಯಿಂಟರ್.

ಹೆಜ್ಜೆ 3. ಎಂಡ್‌ಟ್ರಾನ್ಸ್‌ಮಿಷನ್‌ಗೆ ಫಾಲ್ಸ್ ಕೊಟ್ಟು ಕರೆಯಿರಿ. ಆಗ ಸಾಲನ್ನು ಬಿಟ್ಟುಕೊಡದೆ ಮತ್ತೊಂದು ಸ್ಟಾರ್ಟ್ (ಮಾತು ಶುರು ಅನ್ನುವ ಸಂಕೇತ) ಹೋಗುತ್ತದೆ. ಎಂಡ್‌ಟ್ರಾನ್ಸ್‌ಮಿಷನ್ ವಾಪಸ್ ಕೊಡುವ ಸಂಖ್ಯೆ 0 ಇದೆಯಾ ನೋಡಿ. ಬೇರೆ ಏನಾದರೂ ಬಂದರೆ ಚಿಪ್ ಉತ್ತರಿಸಿಲ್ಲ. ಅಲ್ಲೇ ನಿಲ್ಲಿಸಿ.

ಹೆಜ್ಜೆ 4. ರಿಕ್ವೆಸ್ಟ್‌ಫ್ರಮ್ ಮೂಲಕ 68ರಿಂದ 19 ಬೈಟ್ ಕೇಳಿ. ಉನೊದಲ್ಲಿ ವೈರ್ ಲೈಬ್ರರಿಯ ಬಫರ್ 32 ಬೈಟ್, ಹಾಗಾಗಿ ಎಲ್ಲಾ ರಿಜಿಸ್ಟರ್ ಒಂದೇ ಸಲಕ್ಕೆ ಬರುತ್ತವೆ. ಬರೀ ಟೈಮ್ ಬೇಕಾದರೆ 7 ಸಾಕು. ಒಂದು ಬೈಟ್ ಕೊಟ್ಟ ಮೇಲೆ ಪಾಯಿಂಟರ್ ತಾನಾಗಿ ಮುಂದಕ್ಕೆ ಹೋಗುತ್ತದೆ.

ಹೆಜ್ಜೆ 5. ಬಂದದ್ದನ್ನು ಮೊದಲ ಸಲ ಹಾಗೇ ಹೆಕ್ಸ್‌ನಲ್ಲಿ ಪ್ರಿಂಟ್ ಮಾಡಿ. ಹೊಸ ಚಿಪ್ ಆದರೆ 2000ದ ಜನವರಿ 1ರ ಆಸುಪಾಸು ಕಾಣುತ್ತದೆ: ವಾರ 01, ತಾರೀಖು 01, ತಿಂಗಳು 01, ವರ್ಷ 00. ಕಂಟ್ರೋಲ್‌ನಲ್ಲಿ 1ಸಿ, ಸ್ಟೇಟಸ್‌ನಲ್ಲಿ ಸಾಮಾನ್ಯವಾಗಿ 88. ಈ 88ರ ಬಗ್ಗೆ ಮುಂದೆ ಹೇಳುತ್ತೇನೆ.

ಹೆಜ್ಜೆ 6. ಬೇಡದ ಬಿಟ್‌ಗಳನ್ನು ಅಳಿಸಿ, ಆಮೇಲೆ ಬಿಸಿಡಿಯಿಂದ ಬದಲಾಯಿಸಿ. ಸೆಕೆಂಡ್ ಮತ್ತು ನಿಮಿಷಕ್ಕೆ ಹೆಕ್ಸ್ 7ಎಫ್ ಜೊತೆ ಆಂಡ್ ಮಾಡಿ (ಎರಡರಲ್ಲೂ ಒಂದಿರುವ ಬಿಟ್ ಮಾತ್ರ ಉಳಿಯುತ್ತದೆ). ಗಂಟೆಗೆ (24 ಗಂಟೆ ಪದ್ಧತಿಯಲ್ಲಿ) 3ಎಫ್, ವಾರಕ್ಕೆ 07, ತಾರೀಖಿಗೆ 3ಎಫ್, ತಿಂಗಳಿಗೆ 1ಎಫ್. ವರ್ಷಕ್ಕೆ ಏನೂ ಬೇಡ, 2000 ಕೂಡಿಸಿ.

ಏಳೂ ಬೈಟ್ ಒಂದೇ ಸಲ ಓದಬೇಕು ಅಂತ ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಬಿಡಿಬಿಡಿಯಾಗಿ ಓದಿದರೆ ಮಧ್ಯದಲ್ಲಿ ಟೈಮ್ ಬದಲಾಗಬಹುದು. ಟೈಮ್ 18:59:59 ಇದೆ ಅಂದುಕೊಳ್ಳಿ. ಮೊದಲು ಗಂಟೆ ಓದಿದಿರಿ, 18 ಸಿಕ್ಕಿತು. ಅಷ್ಟರಲ್ಲಿ ಗಡಿಯಾರ 19:00:00 ಆಯಿತು. ಈಗ ನಿಮಿಷ ಓದಿದರೆ 00, ಸೆಕೆಂಡ್ 00. ನಿಮ್ಮ ಕೈಗೆ ಬಂದದ್ದು 18:00:00, ಪೂರ್ತಿ ಒಂದು ಗಂಟೆ ತಪ್ಪು. ಇಂಥ ತಪ್ಪು ಯಾವಾಗಲೋ ಒಮ್ಮೆ ಬರುತ್ತದೆ, ಹಿಡಿಯಲು ಹೋದರೆ ಸಿಗುವುದಿಲ್ಲ. ಚಿಪ್ ಮಾಡಿದವರು ಇದಕ್ಕೆ ಉಪಾಯ ಇಟ್ಟಿದ್ದಾರೆ. ಐ2ಸಿ ಸಾಲಿನಲ್ಲಿ ಸ್ಟಾರ್ಟ್ ಬಂದ ಕ್ಷಣ ಟೈಮ್ ರಿಜಿಸ್ಟರ್‌ಗಳೆಲ್ಲ ಫೋಟೋ ತೆಗೆದ ಹಾಗೆ ಬೇರೊಂದು ಬಫರ್‌ಗೆ ನಕಲಾಗುತ್ತವೆ. ನಾವು ಓದುವುದು ಆ ನಕಲನ್ನು. ಒಳಗೆ ಗಡಿಯಾರ ಮುಂದಕ್ಕೆ ಹೋದರೂ ನಕಲು ಕದಲುವುದಿಲ್ಲ. ಆದರೆ ಪ್ರತಿ ರಿಜಿಸ್ಟರ್‌ಗೂ ಬೇರೆ ಬೇರೆ ಸ್ಟಾರ್ಟ್ ಕೊಟ್ಟು ಓದಿದರೆ ಪ್ರತಿ ಸಲ ಹೊಸ ನಕಲು ಆಗುತ್ತದೆ, ಉಪಾಯ ವ್ಯರ್ಥವಾಗುತ್ತದೆ.

ಟೈಮ್ ಸೆಟ್ ಮಾಡುವುದು

ಒಂದು ನಿಜವಾದ ಟೈಮ್ ಇಟ್ಟುಕೊಂಡು ನೋಡೋಣ: 2026ರ ಜನವರಿ 14, ಬುಧವಾರ, ಸಂಜೆ 6 ಗಂಟೆ 45 ನಿಮಿಷ 30 ಸೆಕೆಂಡ್. ಭಾನುವಾರ 1 ಅಂದರೆ ಬುಧವಾರ 4. 24 ಗಂಟೆ ಪದ್ಧತಿಯಲ್ಲಿ ಗಂಟೆ 18. ಚಿಪ್‌ಗೆ ಕಳಿಸಬೇಕಾದ ಬೈಟ್‌ಗಳು ಹೆಕ್ಸ್‌ನಲ್ಲಿ ಹೀಗೆ:

00 (ಪಾಯಿಂಟರ್), 30, 45, 18, 04, 14, 01, 26

ಬಿಗಿನ್‌ಟ್ರಾನ್ಸ್‌ಮಿಷನ್, ಈ ಎಂಟು ಬೈಟ್ ಇದೇ ಕ್ರಮದಲ್ಲಿ, ಎಂಡ್‌ಟ್ರಾನ್ಸ್‌ಮಿಷನ್. ಮುಗಿಯಿತು.

12 ಗಂಟೆ ಪದ್ಧತಿಯಲ್ಲಿ ಇದೇ ಗಂಟೆ ಬೈಟ್ ಹೇಗಿರುತ್ತದೆ ಗೊತ್ತಾ? ಬಿಟ್ 6 ಒಂದು, ಸಂಜೆ ಅಂತ ಹೇಳಲು ಬಿಟ್ 5 ಒಂದು, ಮಿಕ್ಕಿದ್ದು 06. ಒಟ್ಟು 0110 0110, ಅಂದರೆ ಹೆಕ್ಸ್ 66. ಇದನ್ನು 24 ಗಂಟೆ ಪದ್ಧತಿಯ ಪ್ರೋಗ್ರಾಂ ಓದಿದರೆ, 3ಎಫ್ ಜೊತೆ ಆಂಡ್ ಮಾಡಿದ ಮೇಲೆ, 26 ಗಂಟೆ ಅಂತ ತೋರಿಸುತ್ತದೆ! ಚಿಪ್ ಒಳಗೆ ಯಾವಾಗಲೂ 24 ಗಂಟೆ ಪದ್ಧತಿಯನ್ನೇ ಇಡಿ. 12 ಗಂಟೆ ಬೇಕಿರುವುದು ಡಿಸ್‌ಪ್ಲೇಗೆ ಮಾತ್ರ. ಅಲ್ಲಿ ಬದಲಾಯಿಸಿಕೊಂಡರೆ ಸಾಕು.

ಸೆಕೆಂಡ್ ರಿಜಿಸ್ಟರ್‌ಗೆ ಬರೆದಾಗ ಒಳಗಿನ ಭಾಗಾಕಾರದ ಸರಣಿ ಸೊನ್ನೆಯಾಗುತ್ತದೆ. ಅಂದರೆ ನೀವು ಬರೆದ ಗಳಿಗೆಯಿಂದಲೇ ಆ ಸೆಕೆಂಡ್ ಶುರು. ಮಿಕ್ಕ ಆರು ರಿಜಿಸ್ಟರ್‌ಗಳನ್ನು ಒಂದು ಸೆಕೆಂಡ್ ಒಳಗೆ ಬರೆದು ಮುಗಿಸಬೇಕು. ಒಟ್ಟಿಗೇ ಕಳಿಸಿದರೆ ಒಂದು ಮಿಲಿಸೆಕೆಂಡ್ ಆಸುಪಾಸಿನಲ್ಲಿ ಮುಗಿಯುತ್ತದೆ, ಯೋಚನೆ ಇಲ್ಲ. ನಿಖರವಾಗಿ ಹೊಂದಿಸಬೇಕಾದರೆ ಈ ಗುಣ ಉಪಯೋಗಿಸಿಕೊಳ್ಳಿ. ಹತ್ತು ಸೆಕೆಂಡ್ ಮುಂದಿನ ಟೈಮ್ ತಯಾರಿಟ್ಟುಕೊಳ್ಳಿ, ಸೀರಿಯಲ್ ಮಾನಿಟರ್‌ನಲ್ಲಿ ಟೈಪ್ ಮಾಡಿ, ಮೊಬೈಲ್ ಗಡಿಯಾರ ಆ ಸೆಕೆಂಡಿಗೆ ಬಂದ ತಕ್ಷಣ ಎಂಟರ್ ಒತ್ತಿ.

ಪ್ರೋಗ್ರಾಂ ಕಂಪೈಲ್ ಆದ ಟೈಮನ್ನೇ ಚಿಪ್‌ಗೆ ಬರೆಯುವ ಉದಾಹರಣೆಗಳು ಬಹಳ ಕಡೆ ಸಿಗುತ್ತವೆ. ನನಗೆ ಆ ದಾರಿ ಇಷ್ಟವಿಲ್ಲ. ಕಂಪೈಲ್ ಆಗಿ ಅಪ್‌ಲೋಡ್ ಆಗುವಷ್ಟರಲ್ಲಿ ಎಷ್ಟೋ ಸೆಕೆಂಡ್ ಕಳೆದಿರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಆ ಸಾಲು ಸೆಟಪ್ (ಪವರ್ ಬಂದಾಗಲೆಲ್ಲ ಮೊದಲು ಓಡುವ ಭಾಗ) ಒಳಗೆ ಉಳಿದುಬಿಡುವುದು. ಆಗ ಪ್ರತಿ ಸಲ ಕರೆಂಟ್ ಬಂದಾಗಲೂ ಗಡಿಯಾರ ಕಂಪೈಲ್ ಮಾಡಿದ ದಿನಕ್ಕೆ ವಾಪಸ್ ಹೋಗುತ್ತದೆ. ಬ್ಯಾಟರಿ ಸರಿ ಇಲ್ಲ ಅಂತ ಸೆಲ್ ಮೇಲೆ ಸೆಲ್ ಬದಲಾಯಿಸುವವರು ಮೊದಲು ಸೆಟಪ್ ತೆರೆದು ನೋಡಿ. ಇಎಸ್‌ಪಿ32 ಇದ್ದರೆ ಇಂಟರ್‌ನೆಟ್‌ನಿಂದ ಎನ್‌ಟಿಪಿ (ನೆಟ್‌ನಲ್ಲಿ ಸರಿಯಾದ ಟೈಮ್ ಕೊಡುವ ಸೇವೆ) ಮೂಲಕ ಟೈಮ್ ತೆಗೆದುಕೊಳ್ಳುವುದು ಎಲ್ಲಕ್ಕಿಂತ ಚೆನ್ನ. ನಮ್ಮ ದೇಶದ ಅಧಿಕೃತ ಸಮಯವನ್ನು ಕಾಪಾಡುವ ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವೂ ಎನ್‌ಟಿಪಿ ಸೇವೆ ಕೊಡುತ್ತದೆ.

ಚಿಪ್‌ಗೆ ಟೈಮ್ ಝೋನ್ ಅನ್ನುವುದೇ ಗೊತ್ತಿಲ್ಲ. ಕೊಟ್ಟದ್ದನ್ನು ಎಣಿಸುತ್ತದೆ. ಶಾಲೆ ಗಂಟೆಯಂಥ ಕೆಲಸಕ್ಕೆ ಭಾರತೀಯ ಸಮಯವನ್ನೇ ಇಡಿ, ನೋಡಿದವರಿಗೆ ಅರ್ಥವಾಗುತ್ತದೆ. ಡೇಟಾ ಸರ್ವರ್‌ಗೆ ಹೋಗುವುದಾದರೆ, ಅಥವಾ ಲಿನಕ್ಸ್ ಯಂತ್ರಕ್ಕೆ ಜೋಡಿಸುವುದಾದರೆ ಯುಟಿಸಿ (ಜಾಗತಿಕ ಸಮಯ) ಇಟ್ಟು, ತೋರಿಸುವಾಗ ಐದೂವರೆ ಗಂಟೆ ಕೂಡಿಸಿ.

ಈ ಟೈಮ್ ನಂಬಬಹುದಾ?

ಈಗ ಸ್ಟೇಟಸ್ ರಿಜಿಸ್ಟರ್, ಹೆಕ್ಸ್ 0ಎಫ್. ಇದರ ಬಿಟ್ 7ರ ಹೆಸರು ಓಎಸ್‌ಎಫ್. ಗಡಿಯಾರ ಓಡಿಸುವ ಕಂಪಕ ಎಂದಾದರೂ ನಿಂತಿದ್ದರೆ ಈ ಬಿಟ್ ಒಂದಾಗುತ್ತದೆ. ಮೊದಲ ಸಲ ಪವರ್ ಕೊಟ್ಟಾಗ, ಅಥವಾ ಕರೆಂಟೂ ಇಲ್ಲದೆ ಸೆಲ್ಲೂ ಸತ್ತಾಗ ಹೀಗಾಗುತ್ತದೆ. ಕಂಪಕ ಮತ್ತೆ ಶುರುವಾದರೂ ಬಿಟ್ ಒಂದಾಗಿಯೇ ಉಳಿಯುತ್ತದೆ. ನಾವೇ ಸೊನ್ನೆ ಬರೆಯುವವರೆಗೂ ಅದು ಹೋಗುವುದಿಲ್ಲ. ಹೊಸ ಚಿಪ್‌ನಲ್ಲಿ ಕಂಡ 88 ಇದೇ: 1000 1000. ಬಿಟ್ 7 ಓಎಸ್‌ಎಫ್, ಬಿಟ್ 3 ಅಂದರೆ 32 ಕಿಲೋಹರ್ಟ್ಝ್ ಪಿನ್ ಚಾಲೂ ಇದೆ ಅಂತ.

ಹಾಗಾಗಿ ಪ್ರೋಗ್ರಾಂ ಶುರುವಾದಾಗ ಕ್ರಮ ಹೀಗಿರಲಿ. 0ಎಫ್ ಓದಿ. ಬಿಟ್ 7 ಸೊನ್ನೆ ಇದ್ದರೆ ಚಿಪ್‌ನ ಟೈಮನ್ನು ಹಾಗೇ ತೆಗೆದುಕೊಳ್ಳಿ, ಏನನ್ನೂ ಬರೆಯಬೇಡಿ. ಒಂದಿದ್ದರೆ ಟೈಮ್ ಸುಳ್ಳು. ಗಂಟೆ ಬಾರಿಸಬೇಡಿ, ಪಂಪ್ ಹಾಕಬೇಡಿ, ಡಿಸ್‌ಪ್ಲೇ ಮೇಲೆ ಗೆರೆಗಳನ್ನು ತೋರಿಸಿ, ಟೈಮ್ ಕೊಡಿ ಅಂತ ಕೇಳಿ. ಸರಿಯಾದ ಟೈಮ್ ಬಂದು, ಏಳು ರಿಜಿಸ್ಟರ್ ಬರೆದು, ಮತ್ತೆ ಓದಿ ಹೊಂದುತ್ತದೆ ಅಂತ ಖಾತ್ರಿ ಆದ ಮೇಲೆ ಮಾತ್ರ 0ಎಫ್ ಅನ್ನು ಹೆಕ್ಸ್ 7ಎಫ್ ಜೊತೆ ಆಂಡ್ ಮಾಡಿ ವಾಪಸ್ ಬರೆಯಿರಿ. 88 ಹೋಗಿ 08 ಆಗುತ್ತದೆ. ಟೈಮ್ ಕೊಡುವ ಮೊದಲೇ ಈ ಬಿಟ್ ಅಳಿಸಿದರೆ, 2000ದ ಜನವರಿಯ ಟೈಮ್‌ಗೆ ನೀವೇ ಸಹಿ ಹಾಕಿ ಕೊಟ್ಟಂತಾಗುತ್ತದೆ.

ಇದರ ಜೊತೆಗೆ ಕಂಟ್ರೋಲ್ ರಿಜಿಸ್ಟರ್ 0ಇಯ ಬಿಟ್ 7 ಕೂಡ ನೋಡಿ. ಅದು ಒಂದಿದ್ದರೆ ಕರೆಂಟ್ ಹೋದ ತಕ್ಷಣ ಕಂಪಕ ನಿಂತುಬಿಡುತ್ತದೆ. ಕರೆಂಟ್ ಇರುವಾಗ ಚೆನ್ನಾಗಿಯೇ ಓಡುತ್ತದೆ. ಸೆಲ್ ಹೊಸದು, ಆದರೂ ಕರೆಂಟ್ ಹೋದರೆ ಗಡಿಯಾರ ನಿಲ್ಲುತ್ತದೆ ಅನ್ನುವ ದೂರಿಗೆ ಈ ಬಿಟ್ ಒಂದು ಕಾರಣ. ಅದು ಸೊನ್ನೆಯೇ ಇರಬೇಕು.

ಡಿಎಸ್1307 ಬಳಸುವವರಿಗೆ ಇಲ್ಲಿ ಎಚ್ಚರಿಕೆ. ಅದರ ವಿಳಾಸವೂ 68, ಮೊದಲ ಏಳು ರಿಜಿಸ್ಟರ್ ಕೂಡ ಹೆಚ್ಚುಕಡಿಮೆ ಹೀಗೇ. ಆದರೆ ಅದರಲ್ಲಿ ಓಎಸ್‌ಎಫ್ ಇಲ್ಲ. ಹೆಕ್ಸ್ 08ರಿಂದ ಮುಂದೆ 56 ಬೈಟ್ ಬರೀ ಮೆಮೊರಿ. ಅಲ್ಲಿ 0ಎಫ್ ಓದಿದರೆ ಹಿಂದೆ ಬರೆದದ್ದೇ ವಾಪಸ್ ಬರುತ್ತದೆ, ಅದಕ್ಕೆ ಯಾವ ಅರ್ಥವೂ ಇಲ್ಲ. ಡಿಎಸ್1307ರಲ್ಲಿ ನೋಡಬೇಕಾದ್ದು ಸೆಕೆಂಡ್ ರಿಜಿಸ್ಟರ್‌ನ ಬಿಟ್ 7. ಅದು ಒಂದಿದ್ದರೆ ಗಡಿಯಾರ ನಿಂತಿದೆ. ಸೆಕೆಂಡ್ ಬರೆಯುವಾಗ ಆ ಬಿಟ್ ಸೊನ್ನೆ ಇದ್ದರೆ ಓಡಲು ಶುರು ಮಾಡುತ್ತದೆ. ಹೊಸ ಡಿಎಸ್1307 ಮಾಡ್ಯೂಲ್ ಒಂದೇ ಸೆಕೆಂಡಿನಲ್ಲಿ ಅಂಟಿಕೊಂಡು ಕೂರುವುದು ಇದಕ್ಕೇ.

ಅಲಾರಂ: ಪ್ರತಿ ದಿನ ಬೆಳಗ್ಗೆ 9:30

ಪ್ರತಿ ಅಲಾರಂ ರಿಜಿಸ್ಟರ್‌ನ ಬಿಟ್ 7 ಒಂದು ಮಾಸ್ಕ್. ಸೊನ್ನೆ ಇದ್ದರೆ ಆ ಅಂಶ ಹೊಂದಬೇಕು, ಒಂದಿದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಅಂತ. ದಿನಾ 9:30:00ಕ್ಕೆ ಬೇಕು ಅಂದರೆ ಸೆಕೆಂಡ್, ನಿಮಿಷ, ಗಂಟೆ ಹೊಂದಬೇಕು, ತಾರೀಖು ಬೇಡ. ಆದ್ದರಿಂದ ಹೆಕ್ಸ್‌ನಲ್ಲಿ 07ಕ್ಕೆ 00, 08ಕ್ಕೆ 30, 09ಕ್ಕೆ 09, 0ಎಗೆ 80.

ಆಮೇಲೆ ಕಂಟ್ರೋಲ್ 0ಇಗೆ ಹೆಕ್ಸ್ 05 ಬರೆಯಿರಿ. ಬಿಟ್ 2 ಎಸ್‌ಕ್ಯುಡಬ್ಲ್ಯು ಪಿನ್ ಅಲಾರಂಗೆ ಅಂತ ಹೇಳುತ್ತದೆ, ಬಿಟ್ 0 ಮೊದಲ ಅಲಾರಂ ಚಾಲೂ ಮಾಡುತ್ತದೆ. ಅಲ್ಲಿ 00 ಬರೆದರೆ ಅದೇ ಪಿನ್‌ನಲ್ಲಿ ಸೆಕೆಂಡಿಗೊಂದು ಪಲ್ಸ್ ಬರುತ್ತದೆ. ಅದೂ ಬಹಳ ಉಪಯೋಗದ್ದೇ.

ಟೈಮ್ ಹೊಂದಿದಾಗ ಎಸ್‌ಕ್ಯುಡಬ್ಲ್ಯು ಪಿನ್ ಲೋ ಆಗುತ್ತದೆ. ಮತ್ತೆ ತಾನಾಗಿ ಮೇಲೆ ಬರುವುದಿಲ್ಲ. 0ಎಫ್‌ನ ಬಿಟ್ 0 ಅಳಿಸುವವರೆಗೂ ಹಾಗೇ ಇರುತ್ತದೆ. ಮೊದಲ ದಿನ ಗಂಟೆ ಬಾರಿಸಿ, ಎರಡನೇ ದಿನದಿಂದ ಸುಮ್ಮನಾಗುವ ಸರ್ಕ್ಯೂಟ್‌ನಲ್ಲಿ ಬಿಟ್ಟುಹೋಗಿರುವುದು ಈ ಒಂದು ಹೆಜ್ಜೆ.

ತಾಪಮಾನ

ಇದು ಪುಕ್ಕಟೆ ಸಿಗುವ ಸೌಲಭ್ಯ. ಹೆಕ್ಸ್ 11ರಲ್ಲಿ ಪೂರ್ಣ ಡಿಗ್ರಿ, ಚಿಹ್ನೆ ಸಮೇತ. 12ರ ಮೇಲಿನ ಎರಡು ಬಿಟ್‌ನಲ್ಲಿ ಕಾಲು ಡಿಗ್ರಿಗಳು. 11ರಲ್ಲಿ ಹೆಕ್ಸ್ 19, 12ರಲ್ಲಿ ಹೆಕ್ಸ್ 40 ಇದ್ದರೆ 25.25 ಡಿಗ್ರಿ. ಇಲ್ಲಿ ಬಿಸಿಡಿ ಇಲ್ಲ, ಸೀದಾ ಬೈನರಿ. ತಪ್ಪು 3 ಡಿಗ್ರಿವರೆಗೂ ಇರಬಹುದು, ಹಾಗಾಗಿ ಪೆಟ್ಟಿಗೆ ಎಷ್ಟು ಬಿಸಿ ಆಗಿದೆ ಅಂತ ತಿಳಿಯಲು ಮಾತ್ರ ಬಳಸಿ.

ಸರಿ ಬರದಿದ್ದರೆ

45:85:85, ವರ್ಷ 2165 ಅಂತ ಕಂಡರೆ ಚಿಪ್ ಉತ್ತರವನ್ನೇ ಕೊಟ್ಟಿಲ್ಲ. ಓದಲು ಏನೂ ಇಲ್ಲದಾಗ ಪ್ರತಿ ಬೈಟ್ ಎಫ್‌ಎಫ್ ಆಗಿ ಬರುತ್ತದೆ, ಅದನ್ನು ಮಾಸ್ಕ್ ಮಾಡಿ ಬಿಸಿಡಿ ಬಿಡಿಸಿದರೆ ಈ ಸಂಖ್ಯೆಗಳೇ ಸಿಗುತ್ತವೆ. ವೈರ್ ಸಡಿಲ ಇದೆಯಾ, ಎಸ್‌ಡಿಎ ಎಸ್‌ಸಿಎಲ್ ಅದಲುಬದಲಾಗಿದೆಯಾ ನೋಡಿ.

ಇನ್ನೊಂದು ತೊಂದರೆ ಹಿಡಿಯುವುದು ಕಷ್ಟ. ಎಲ್ಲಾ ಸರಿ ಇತ್ತು, ಆರ್ಡುವಿನೊ ರೀಸೆಟ್ ಆಯಿತು, ಆಮೇಲೆ ಚಿಪ್ ಮಾತಾಡುತ್ತಿಲ್ಲ. ಕರೆಂಟ್ ತೆಗೆದು ಹಾಕಿದರೂ ಇಲ್ಲ. ಬೈಟ್ ಓದುವ ಮಧ್ಯದಲ್ಲಿ ರೀಸೆಟ್ ಆಗಿದ್ದರೆ ಚಿಪ್ ಎಸ್‌ಡಿಎ ಸಾಲನ್ನು ಲೋನಲ್ಲೇ ಹಿಡಿದುಕೊಂಡು ಮುಂದಿನ ಕ್ಲಾಕ್‌ಗೆ ಕಾಯುತ್ತಿರುತ್ತದೆ. ಅದಕ್ಕೆ ಸೆಲ್ ಬಲ ಇರುವುದರಿಂದ ಕರೆಂಟ್ ತೆಗೆದರೂ ಮರೆಯುವುದಿಲ್ಲ. ಪರಿಹಾರ: ವೈರ್ ಲೈಬ್ರರಿ ಶುರು ಮಾಡುವ ಮೊದಲು ಎಸ್‌ಡಿಎ ಹೈ ಆಗುವವರೆಗೂ ಎಸ್‌ಸಿಎಲ್ ಪಿನ್ ಅನ್ನು ಲೋ, ಹೈ ಮಾಡುತ್ತಿರಿ. ಒಂಬತ್ತು ಸಲ ಸಾಕಾಗುತ್ತದೆ. ದೂರದ ತೋಟದಲ್ಲಿ ಇಡುವ ಯಂತ್ರಕ್ಕೆ ಈ ನಾಲ್ಕು ಸಾಲು ಹಾಕಲೇಬೇಕು ಅಂತ ನಾನು ಹೇಳುತ್ತೇನೆ.

ಸೆಲ್ ಹಾಕಿದ್ದು ಮೊದಲ ಸಲವಾಗಿದ್ದು, ಇನ್ನೂ ವಿಸಿಸಿ ಕೊಟ್ಟಿಲ್ಲ ಅಂದರೆ ಕಂಪಕ ಶುರುವಾಗುವುದೇ ಇಲ್ಲ. ಅದು ದೋಷವಲ್ಲ. ಅಂಗಡಿಯಲ್ಲಿ ಕೂತಿರುವಾಗ ಸೆಲ್ ಖಾಲಿ ಆಗಬಾರದು ಅಂತ ಹಾಗೆ ಮಾಡಿದ್ದಾರೆ. ಒಮ್ಮೆ ಪವರ್ ಕೊಡಿ.

ವೇಗ ತಿದ್ದುವುದು

ಕೊನೆಯದಾಗಿ ಹೆಕ್ಸ್ 10ರ ಏಜಿಂಗ್ ರಿಜಿಸ್ಟರ್. ಎಲ್ಲರಿಗೂ ಬೇಕಾಗುವುದಿಲ್ಲ. ವರ್ಷಕ್ಕೆ ಒಂದು ನಿಮಿಷದ ತಪ್ಪೂ ಬೇಡ ಅನ್ನುವವರಿಗೆ ಮಾತ್ರ. ಗಡಿಯಾರವನ್ನು ನಿಖರವಾಗಿ ಹೊಂದಿಸಿ ಕೆಲವು ತಿಂಗಳು ಹಾಗೇ ಬಿಡಿ, ಆಮೇಲೆ ಹೋಲಿಸಿ. 100 ದಿನಕ್ಕೆ 10 ಸೆಕೆಂಡ್ ಮುಂದೆ ಹೋಗಿದೆ ಅಂದುಕೊಳ್ಳಿ. 100 ದಿನ ಅಂದರೆ 86 ಲಕ್ಷ 40 ಸಾವಿರ ಸೆಕೆಂಡ್. ಲೆಕ್ಕ ಹಾಕಿದರೆ ಹತ್ತು ಲಕ್ಷಕ್ಕೆ ಸುಮಾರು 1.2ರಷ್ಟು ಜಾಸ್ತಿ ಓಡುತ್ತಿದೆ. 25 ಡಿಗ್ರಿಯಲ್ಲಿ ಈ ರಿಜಿಸ್ಟರ್‌ನ ಒಂದೊಂದು ಅಂಕಕ್ಕೆ ವೇಗ ಹತ್ತು ಲಕ್ಷಕ್ಕೆ ಸುಮಾರು 0.1 ಬದಲಾಗುತ್ತದೆ. ಧನ ಸಂಖ್ಯೆ ನಿಧಾನ ಮಾಡುತ್ತದೆ, ಋಣ ಸಂಖ್ಯೆ ವೇಗ ಮಾಡುತ್ತದೆ. ಹಾಗಾಗಿ 12 ಬರೆಯಬೇಕು, ಅಂದರೆ ಹೆಕ್ಸ್ 0ಸಿ. ಇದಕ್ಕೂ ಬಿಸಿಡಿ ಇಲ್ಲ. ಮುಂದಿನ ಸಲ ಚಿಪ್ ತಾಪಮಾನ ಅಳೆದಾಗ, ಅಂದರೆ ಹೆಚ್ಚೆಂದರೆ 64 ಸೆಕೆಂಡಿನೊಳಗೆ, ಹೊಸ ವೇಗ ಜಾರಿಗೆ ಬರುತ್ತದೆ. ಆಮೇಲೆ ಟೈಮ್ ಮತ್ತೊಮ್ಮೆ ಸರಿಯಾಗಿ ಇಟ್ಟು, ಆ ತಾರೀಖನ್ನು ಪೆಟ್ಟಿಗೆಯ ಒಳಗೇ ಒಂದು ಚೀಟಿಯಲ್ಲಿ ಬರೆದು ಅಂಟಿಸಿ. ಮುಂದಿನ ಹೋಲಿಕೆಗೆ ಅದು ಬೇಕಾಗುತ್ತದೆ.